ತಾಯತ ಕಟ್ಟಿದ ಹೂಜಿ

ನನ್ನದು ಹಳೆಯ ಗಾಜಿನ ವ್ಯಾಪಾರ. ಬಿಡಿಸಿ ಹೇಳಬೇಕೆಂದರೆ, ಹಿಂದಿನ ಕಾಲದ ದೊಡ್ಡ ಮನುಷ್ಯರು ವಿಸ್ಕಿ, ಬ್ರಾಂದಿ ಕುಡಿಯುತ್ತಿದ್ದ ಹೂವು ಕೊರೆದ ಲೋಟ, ಮುಚ್ಚಳದ ಹೂಜಿ, ಐಸ್ ಹಾಕುವ ಬಟ್ಟಲು ಇಂಥವನ್ನು ನಮ್ಮ ಸೀಮೆಯ ಮನೆಗಳಿಂದ ಕೊಂಡು, ಫೋಟೋ ತೆಗೆದು ಮೊಬೈಲಿನಲ್ಲಿ ಹಾಕಿ, ದೂರದ ಊರಿನವರಿಗೆ ಮಾರುತ್ತೇನೆ. ಕೊಟ್ಟೂರಿನ ನಮ್ಮ ಓಣಿಯಲ್ಲಿ ನನಗೆ ‘ಬ್ರಾಂದಿ ಗ್ಲಾಸಿನಾಕಿ’ ಎಂಬ ಬಿರುದಿದೆ. ಒಂದು ತೊಟ್ಟು ಕುಡಿಯದೆ ಇಷ್ಟು ಹೆಸರು ಮಾಡಿದವಳು ಸುತ್ತಲ ತಾಲ್ಲೂಕಿನಲ್ಲೆಲ್ಲ ನಾನೊಬ್ಬಳೇ ಇರಬೇಕು. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಹಾಗೆ ಕೂಗಿದರೂ ತಿರುಗಿ ನೋಡುತ್ತೇನೆ.

ನಮ್ಮವ್ವ ಹಳೇ ಸೀರೆ, ಪ್ಯಾಂಟು ಇಸಿದುಕೊಂಡು ಸ್ಟೀಲ್ ಪಾತ್ರೆ ಕೊಡುತ್ತಿದ್ದಳು. ಅವಳ ಬುಟ್ಟಿಯೇ ನನ್ನ ತಲೆಗೆ ಬಂತು. ಬಟ್ಟೆಯ ಬದಲು ನಾನು ಗಾಜು ಕೇಳಿದೆ, ಅಷ್ಟೇ ವ್ಯತ್ಯಾಸ. ಗಂಡಸು ವ್ಯಾಪಾರಿಗಳನ್ನು ಪಡಸಾಲೆಯಲ್ಲೇ ಕೂರಿಸಿ ಕಳಿಸುತ್ತಾರೆ. ನಾನು ಹೆಂಗಸು, ಅದೂ ಸ್ಟೀಲ್ ಡಬ್ಬಿ ಹೊತ್ತು ಬಂದವಳು. ಸೀದಾ ಅಡುಗೆಮನೆಗೇ ಕರೆಯುತ್ತಾರೆ. ಬಿದ್ದರೆ ಒಡೆಯುವ ಲೋಟಕ್ಕೆ ಬಿದ್ದರೂ ಒಡೆಯದ ಡಬ್ಬಿ ಸಿಗುತ್ತದೆ ಎಂದರೆ ಯಾವ ಮನೆಯಾಕೆ ಬೇಡ ಅನ್ನುತ್ತಾಳೆ?

ನಮ್ಮ ಕಡೆಯ ಮಡಿವಂತ ಮನೆಗಳಲ್ಲಿ ಈ ಸಾಮಾನು ಎಲ್ಲಿಂದ ಬಂತು ಎಂದು ನನ್ನ ಗಿರಾಕಿಗಳು ಆಶ್ಚರ್ಯಪಡುತ್ತಾರೆ. ಹರಪನಹಳ್ಳಿಯ ಒಂದಿಬ್ಬರು ಹತ್ತಿ ವ್ಯಾಪಾರಿಗಳು ಶೋಕಿಗೆ ತರಿಸಿಟ್ಟದ್ದು ಬಿಟ್ಟರೆ ಉಳಿದದ್ದೆಲ್ಲ ಸಾಹೇಬರ ಬಂಗಲೆಗಳದು. ಕಾಲುವೆ ಕೆಲಸಕ್ಕೆ ಬಂದ ಎಂಜಿನಿಯರುಗಳು ವರ್ಗವಾಗಿ ಹೋಗುವಾಗ ಕೈಗೆ ಸಿಕ್ಕಿದ್ದನ್ನು ಆಳುಗಳಿಗೆ ಕೊಟ್ಟು ಹೋಗಿದ್ದಾರೆ. ಅದು ಯಾತಕ್ಕೆ ಎಂದು ಯಾರೂ ಕೇಳಿಲ್ಲ, ಅವರೂ ಹೇಳಿಲ್ಲ. ಕೂಡ್ಲಿಗಿಯಲ್ಲಿ ಒಬ್ಬಾಕೆ ವಿಸ್ಕಿ ಲೋಟದಲ್ಲಿ ಗುಂಡಿ, ಸೂಜಿ ಇಟ್ಟಿದ್ದಳು. ಹಡಗಲಿಯಲ್ಲಿ ಒಬ್ಬ ಡ್ರೈವರನ ಮಗಳ ಮನೆಯಲ್ಲಿ ಆರು ಲೋಟಗಳಿಗೆ ನೀರು, ಎಣ್ಣೆ ಹಾಕಿ ದೀಪಾವಳಿಗೆ ಬತ್ತಿ ತೇಲಿಬಿಡುತ್ತಿದ್ದರು. ಅವುಗಳ ಅಂಚನ್ನು ಉಗುರಿನಿಂದ ತಟ್ಟಿದೆ. ಸಾದಾ ಗಾಜು ಟಕ್ ಎಂದು ಸುಮ್ಮನಾಗುತ್ತದೆ, ಒಳ್ಳೆಯ ಗಾಜು ಸ್ವಲ್ಪ ಹೊತ್ತು ಗುಂಯ್ ಎನ್ನುತ್ತಲೇ ಇರುತ್ತದೆ. ಆ ಆರೂ ಗುಂಯ್ ಎಂದವು. ಮೈಯೆಲ್ಲ ವಜ್ರದ ಆಕಾರದ ಕೊರೆತ, ತಳದಲ್ಲಿ ನಕ್ಷತ್ರ. ಎರಡು ಸ್ಟೀಲ್ ಕೊಡ ಕೊಟ್ಟು ತಂದೆ.

ಫೋಟೋ ನೋಡಿದ ಪುಣೆಯ ಗಿರಾಕಿಯೊಬ್ಬರು, ಇದಕ್ಕೆ ಜೊತೆಯ ಹೂಜಿ ಇದ್ದೇ ಇರುತ್ತದೆ, ಅದು ಸಿಕ್ಕರೆ ಮಾತ್ರ ತಗೊಳ್ಳುತ್ತೇನೆ ಅಂದರು. ಡ್ರೈವರನ ಮಗಳನ್ನು ಮತ್ತೆ ಕೇಳಿದೆ. ಸಾಹೇಬರು ಲೋಟಗಳನ್ನು ತಮ್ಮಪ್ಪನಿಗೂ ಹೂಜಿಯನ್ನು ಅಡುಗೆಯವನಿಗೂ ಕೊಟ್ಟಿದ್ದರು, ಆ ಅಡುಗೆಯವನು ಹಂಪಸಾಗರದವನು ಎಂದಳು. ಮರುದಿನವೇ ಹಗರಿಬೊಮ್ಮನಹಳ್ಳಿ ಬಸ್ ಹತ್ತಿದೆ.

ಹಂಪಸಾಗರದಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಡುಗೆಯವನು ತೀರಿಕೊಂಡು ಮೂರು ವರ್ಷವಾಗಿತ್ತು. ಅವನ ಹೆಂಡತಿ, ಎಪ್ಪತ್ತರ ಹತ್ತಿರದಾಕೆ, ಮಗ ಸೊಸೆ ಮೊಮ್ಮಕ್ಕಳ ತುಂಬಿದ ಮನೆಯಲ್ಲಿ ಗಟ್ಟಿಮುಟ್ಟಾಗಿದ್ದಳು. ಹೂಜಿಯೂ ಇತ್ತು. ದೇವರ ಜಗುಲಿಯ ಮೇಲಿತ್ತು. ಹಣೆಗೆ ಇಡುವ ಹಾಗೆ ಅದರ ಹೊಟ್ಟೆಗೂ ಮೂರೆಳೆ ವಿಭೂತಿ, ಒಳಗೆ ಲಿಂಗಪೂಜೆಯ ತೀರ್ಥ. ಕೊರಳಲ್ಲಿ ಸಣ್ಣ ಸರಪಳಿಯಲ್ಲಿ ಒಂದು ಬೆಳ್ಳಿಯ ತಗಡು ತೂಗುತ್ತಿತ್ತು. ಕಪ್ಪಾಗಿ, ಅಕ್ಷರದ ಗೀರಿನಲ್ಲೆಲ್ಲ ವಿಭೂತಿ ತುಂಬಿ ಅದು ಮುಚ್ಚಿಹೋಗಿತ್ತು. ಮನೆಯವರೆಲ್ಲ ಅದನ್ನು ತಾಯತ ಅನ್ನುತ್ತಿದ್ದರು. ಓಣಿಯ ಮಕ್ಕಳಿಗೆ ಜ್ವರ ಬಂದರೆ, ಬಾಣಂತಿಗೆ ಸಂಕಟವಾದರೆ, ತಾಯತದ ಹೂಜಿಯ ತೀರ್ಥಕ್ಕೆ ಬರುತ್ತಿದ್ದರು. ಆಕೆ ಉದ್ಧರಣೆಯಲ್ಲಿ ಒಂದೊಂದೇ ಚಮಚ ಬಿಡುತ್ತಿದ್ದಳು. ನಾನು ಕೂತಿದ್ದಾಗಲೇ ಇಬ್ಬರು ಬಂದು ಹೋದರು.

ಆ ತಗಡು ಏನೆಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ಹೂಜಿಯಲ್ಲಿ ಯಾವ ಮದ್ಯವಿದೆ ಎಂದು ತಿಳಿಯಲು ಸಾಹೇಬರು ಕಟ್ಟುವ ಚೀಟಿ ಅದು. ಬ್ರಾಂದಿ ಎಂಬ ಇಂಗ್ಲಿಷ್ ಪದದ ಮೊದಲಕ್ಷರ, ಕೊನೆಯಕ್ಷರ ವಿಭೂತಿಯ ನಡುವೆ ಕಾಣುತ್ತಿದ್ದವು. ಒಳಗೊಳಗೇ ನಗು ಬಂತು. ಆ ನಗುವನ್ನು ಈಗ ನೆನೆದರೆ ನನ್ನ ಮೇಲೇ ನನಗೆ ಅಸಹ್ಯವಾಗುತ್ತದೆ.

ಆಕೆ ಕೊಡಲಿಲ್ಲ. ಎರಡನೆಯ ಸಲ ಹೊಸ ತಾಮ್ರದ ತಂಬಿಗೆ, ಬೆಳ್ಳಿಯ ಬಟ್ಟಲು ಒಯ್ದೆ. ಆಗಲೂ ಕೊಡಲಿಲ್ಲ. ಚಹಾ ಕೊಟ್ಟಳು, ರೊಟ್ಟಿ ತಿನ್ನಿಸಿದಳು, ನನ್ನ ತಾಯಿ ತಂದೆಯ ವಿಚಾರ ಕೇಳಿದಳು. ಹೂಜಿಯ ಮಾತು ಬಂದಾಗ ಮಾತ್ರ ತಲೆ ಅಲ್ಲಾಡಿಸಿದಳು.

“ಅದನ್ನ ಕೇಳಬ್ಯಾಡ ತಂಗಿ. ನಮ್ಮನಿಯವರು ಹೋಗೋ ಹೊತ್ತಿನ್ಯಾಗ ಬಾಯಿಗೆ ತೀರ್ಥ ಬಿಟ್ಟಿದ್ದು ಅದರಾಗಿಂದನ. ಆ ಗುಟುಕು ನುಂಗಿನ ಕಣ್ಣು ಮುಚ್ಚ್ಯಾರ. ಶಿವನ ಪಾದಕ್ಕ ಸೇರ್ಯಾರ ಅಂತ ನನಗ ಧೈರ್ಯ ಐತಿ.”

ಆ ಮಾತು ಕೇಳಿದ ಮೇಲಾದರೂ ನಾನು ಸುಮ್ಮನಿರಬೇಕಿತ್ತು. ಆಕೆಗಿದ್ದ ಧೈರ್ಯವೆಲ್ಲ ಆ ಗುಟುಕಿನಲ್ಲಿತ್ತು. ಮೂರನೆಯ ಸಲ ಹೋದಾಗ ಗಿರಾಕಿಯ ಫೋನು ದಾರಿಯಲ್ಲೇ ಎರಡು ಸಲ ಬಂದಿತ್ತು. ಆಸೆ ಹತ್ತಿದವಳಿಗೆ ನ್ಯಾಯ ಹುಟ್ಟಿಸಿಕೊಳ್ಳುವುದು ಎಷ್ಟರ ಕೆಲಸ? ಪಾಪ, ದೇವರ ಜಗುಲಿಯ ಮೇಲೆ ಹೆಂಡದ ಪಾತ್ರೆ ಇಟ್ಟುಕೊಂಡಿದ್ದಾಳೆ, ತಿಳಿಸಿ ಹೇಳುವುದು ನನ್ನ ಧರ್ಮ ಅಂದುಕೊಂಡೆ. ಸೊಸೆ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ದನಿ ತಗ್ಗಿಸಿ ಹೇಳಿದೆ.

“ಅವ್ವಾರ, ಅದು ತಾಯತ ಅಲ್ರಿ. ಅದರ ಮ್ಯಾಲ ಬ್ರಾಂದಿ ಅಂತ ಬರದೈತಿ. ಸಾಹೇಬ್ರು ಬ್ರಾಂದಿ ಹಾಕಿಡತಿದ್ದ ಹೂಜಿರಿ ಇದು.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಕೆ ಎದ್ದು ಹೋಗಿ ಸೆರಗಿನ ತುದಿಯಿಂದ ತಗಡನ್ನು ಒರೆಸಿದಳು. ಓದಲು ಬಾರದಿದ್ದರೂ ಆ ಗೀರುಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಹೂಜಿಯನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ನಾನು ಬಾಗಿಲಲ್ಲಿ ನಿಂತೆ.

ಹೂಜಿಯಲ್ಲಿ ಒಂದು ಬೊಗಸೆಯಷ್ಟು ತೀರ್ಥ ಉಳಿದಿತ್ತು. ಅದನ್ನು ಎಲ್ಲಿ ಚೆಲ್ಲಬೇಕೆಂದು ಆಕೆಗೆ ತಿಳಿಯಲಿಲ್ಲ. ತೀರ್ಥವನ್ನು ತುಳಿಯುವ ಜಾಗದಲ್ಲಿ ಚೆಲ್ಲುವಂತಿಲ್ಲ. ಶಿವಪೂಜೆಯ ಪತ್ರಿ ಗಿಡದ ಬುಡಕ್ಕೆ ಹಾಕೋಣವೆಂದರೆ ಬ್ರಾಂದಿ ಪಾತ್ರೆಯದು. ಪತ್ರಿ ಗಿಡದ ತನಕ ಹೋದಳು, ತಿರುಗಿದಳು, ಬಚ್ಚಲ ಕಡೆ ನೋಡಿದಳು, ಅಲ್ಲಿಗೂ ಹೋಗಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಳೋ. ಕೊನೆಗೆ ಹೂಜಿಯನ್ನು ಎತ್ತಿ, ಅಷ್ಟನ್ನೂ ತಾನೇ ಕುಡಿದಳು.

“ಅವರು ಕುಡದದ್ದು ನನಗೂ ಇರ್ಲಿ” ಎಂದಳು.

ಹೂಜಿಯನ್ನು ನನ್ನ ಬುಟ್ಟಿಯಲ್ಲಿ ತಾನೇ ಇಟ್ಟಳು. ತಂಬಿಗೆ ಬೇಡವೆಂದಳು, ಬಟ್ಟಲು ಬೇಡವೆಂದಳು. ನಾನು ಹೊಸ್ತಿಲು ದಾಟುವಾಗ ಸಣ್ಣ ದನಿಯಲ್ಲಿ ಕೇಳಿದಳು: “ಹಂಗಾದ್ರ ಕೊನೀಗೆ ಅವರ ಬಾಯಾಗ ನಾನು ಬಿಟ್ಟಿದ್ದು ಏನು ತಂಗಿ?”

ನಾನು ಬುಟ್ಟಿ ಹೊತ್ತು ನಡೆದೆ. ತೊಳೆದ ಪಾತ್ರೆಗೆ ಯಾವ ದೋಷವೂ ಇಲ್ಲ, ತೀರ್ಥ ತೀರ್ಥವೇ ಎಂದು ಹೇಳಬಹುದಿತ್ತು. ಅದನ್ನು ಹೇಳಿದರೆ ಆಕೆ ಹೂಜಿಯನ್ನು ತಿರುಗಿ ಕೇಳಬಹುದು ಎಂದು ಹೆದರಿದೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ. ಬಸ್ಸಿನಲ್ಲಿ ಕೂತು, ಹೂಜಿಯನ್ನು ತೊಡೆಯ ಮೇಲಿಟ್ಟುಕೊಂಡು, ಉಗುರಿನಿಂದ ತಟ್ಟಿ ನೋಡಿದೆ ಕೂಡ. ಒಳ್ಳೆಯ ಗಾಜು.

ವಾರದೊಳಗೆ ಆರು ಲೋಟ, ಒಂದು ಹೂಜಿ ಪುಣೆಗೆ ಹೋದವು. ತಗಡನ್ನು ಉಜ್ಜಿ ಹೊಳೆಯುವಂತೆ ಮಾಡಿ ಕಳಿಸಿದ್ದೆ. ಸಂತೋಷವಾಗಬೇಕಿತ್ತು. ಊಟಕ್ಕೆ ಕೂತರೆ ಹಿತ್ತಲಲ್ಲಿ ಹೂಜಿ ಹಿಡಿದು ಅತ್ತಿಂದಿತ್ತ ಹೋಗುತ್ತಿದ್ದ ಆಕೆಯೇ ಕಣ್ಣಿಗೆ ಬರುತ್ತಿದ್ದಳು. ತಪ್ಪು ಮಾಡಿದೆ ಎಂದು ಒಪ್ಪಿಕೊಳ್ಳಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಗಿರಾಕಿಗೆ ಫೋನು ಮಾಡಿ ಹೂಜಿ ತಿರುಗಿ ಕೊಡುತ್ತೀರಾ ಎಂದು ಕೇಳಿದೆ. ಅದನ್ನು ಮಗಳ ಮದುವೆಗೆ ಉಡುಗೊರೆ ಕೊಟ್ಟಾಯಿತು ಎಂದರು.

ಹೂಜಿ ತರಲಾಗದಿದ್ದರೆ ಸುಳ್ಳನ್ನಾದರೂ ಒಯ್ಯೋಣವೆಂದು ಹಂಪಸಾಗರಕ್ಕೆ ಹೋದೆ. ಜಗುಲಿಯ ಮೇಲೆ ಮನೆಯದೇ ಒಂದು ಹಳೆಯ ತಾಮ್ರದ ತಂಬಿಗೆ ಇತ್ತು. ಅತ್ತೆ ಈಗ ಯಾರಿಗೂ ತೀರ್ಥ ಕೊಡುವುದಿಲ್ಲ, ಬಂದವರನ್ನು ಮಠಕ್ಕೆ ಕಳಿಸುತ್ತಾಳೆ ಎಂದು ಸೊಸೆ ಹೇಳಿದಳು. ಆಕೆ ಬಂದು ಎದುರಿಗೆ ಕೂತಳು. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡದ್ದನ್ನು ಒಪ್ಪಿಸಿದೆ. ತಿಳಿದವರಿಗೆ ತೋರಿಸಿದೆ, ಅದು ಪನ್ನೀರಿನ ಹೂಜಿಯಂತೆ, ಬೇರೆ ಯಾವುದರದೋ ಚೀಟಿ ತಪ್ಪಿ ಅದರ ಕೊರಳಿಗೆ ಬಿದ್ದಿತ್ತಂತೆ, ನಿಮ್ಮ ಯಜಮಾನರು ಶುದ್ಧ ತೀರ್ಥವನ್ನೇ ಕುಡಿದದ್ದು ಎಂದೆ.

ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನನ್ನ ಕೈ ಮೇಲೆ ಕೈ ಇಟ್ಟಳು.

“ನನಗೋಸ್ಕರ ಸುಳ್ಳು ಹೇಳಬ್ಯಾಡವ್ವ. ಆ ಸಾಹೇಬ್ರ ಬಂಗಲೆದಾಗ ಹನ್ನೆರಡು ವರ್ಷ ಅಡಿಗಿ ಮಾಡ್ಯಾರ ಅವರು. ಅದರಾಗ ಏನು ಹಾಕತಿದ್ರು ಅಂತ ಅವರಿಗೆ ಗೊತ್ತಿರಲಿಲ್ಲೇನು? ನೀ ಹೋದಮ್ಯಾಲ ಅದನ್ನ ವಿಚಾರ ಮಾಡಿದೆ. ತಂದ ದಿನ ನಾನು ತಾಯತ ಅಂದೆ, ಚೆಂದ ಐತಿ ಅಂತ ದೇವರ ಮುಂದ ಇಟ್ಟೆ. ಅವರು ನನ್ನ ಮಾರಿ ನೋಡಿ ಸುಮ್ಮನಾದ್ರು. ಕೊನೀ ದಿನಾನೂ ಎಲ್ಲಾ ಗೊತ್ತಿದ್ದೂ ತೀರ್ಥಕ್ಕ ಬಾಯಿ ತೆರದ್ರು.”

ನಾನು ತಲೆ ತಗ್ಗಿಸಿದೆ. ಆಕೆ ನನ್ನ ಕೈ ಬಿಡಲಿಲ್ಲ. ಸಿಟ್ಟಿಲ್ಲದೆ, ಮಗಳಿಗೆ ಹೇಳುವ ಹಾಗೆ ಹೇಳಿದಳು:

“ನನ್ನ ಮನಸ್ಸು ನೋಯಬಾರದು ಅಂತ ನಲವತ್ತು ವರ್ಷ ಅವರು ಬಾಯಿ ಬಿಡಲಿಲ್ಲ. ನಿನಗ ಮೂರು ಸಲ ಬರೋದರಾಗ ತಡಕೊಳ್ಳಾಕ ಆಗಲಿಲ್ಲ ನೋಡು.”