ಕುಸುಬೆ ಎಣ್ಣೆ ಮತ್ತು ಅತ್ತೆಯ ಜೀಪು

ನಮ್ಮ ಅತ್ತೆಯ ಬಲಗೈ ತೋರುಬೆರಳಿನ ಉಗುರಿನಡಿ ಯಾವಾಗಲೂ ಒಂದು ಕಪ್ಪು ಗೆರೆ ಇರುತ್ತಿತ್ತು. ಶೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಸೊಲ್ಲಾಪುರದ ಬಟ್ಟೆ ವ್ಯಾಪಾರಿಯ ಮಗಳಾದ ನಾನು ಮದುವೆಯಾಗಿ ಅಕ್ಕಲಕೋಟೆ ಕಡೆಯ ತಡವಳಕ್ಕೆ ಬಂದ ಹೊಸದರಲ್ಲಿ ಆ ಕೈ ಬಡಿದ ರೊಟ್ಟಿಯನ್ನು ಅನುಮಾನದಿಂದಲೇ ಮುರಿಯುತ್ತಿದ್ದೆ. ಅದು ಗೇರ್ ಆಯಿಲ್ಲಿನ ಗುರುತು ಎಂದು ಆಮೇಲೆ ತಿಳಿಯಿತು.

ಮಾವ ಮಿಲಿಟರಿ ಹರಾಜಿನಲ್ಲಿ ಕೊಂಡು ತಂದ ಹಳೆಯ ಜೀಪು ಮನೆಯಲ್ಲಿತ್ತು. ಬೇಕೆಂದಾಗ ನಾಲ್ಕೂ ಗಾಲಿಗಳಿಗೆ ಇಂಜಿನ್ನಿನ ಬಲ ಹೋಗುವಂಥದು. ಮಳೆಗಾಲದಲ್ಲಿ ಎರೆಮಣ್ಣು ಎತ್ತಿನ ಕಾಲನ್ನೇ ಬಿಡದಿದ್ದಾಗಲೂ ಅದು ಗುರುಗುಟ್ಟುತ್ತ ಡಾಂಬರು ರಸ್ತೆ ಮುಟ್ಟುತ್ತಿತ್ತು. ಹೆಸರಿಗೆ ಮಾವನದಾದರೂ ಅದರ ಯೋಗಕ್ಷೇಮವೆಲ್ಲ ಅತ್ತೆಯದೇ. ಅದಕ್ಕೆ ಕಾರಣವಿತ್ತು. ಅತ್ತೆಯ ತವರು ವಳಸಂಗ; ಅಲ್ಲಿ ಕಣ್ಣು ಪೂರ್ತಿ ಹೋದ ಅವರ ತಾಯಿ ಇದ್ದರು. ತಮ್ಮ ಮನೆಯ ಹೆಂಗಸರು ಬಸ್ಸು ಹತ್ತುವುದು ಮಾವನಿಗೆ ಒಗ್ಗುತ್ತಿರಲಿಲ್ಲ. ಜೀಪು ಬರುವ ಮೊದಲು ಹಬ್ಬಕ್ಕೊಮ್ಮೆ ತಾಯಿಯ ಮುಖ ಕಾಣುತ್ತಿದ್ದ ಅತ್ತೆ, ಬಂದ ಮೇಲೆ ವಾರವಾರ ಹೋಗುತ್ತಿದ್ದರು.

ಹೋಗುವ ಮುನ್ನ ಬಳೆಗಳನ್ನು ಮೊಣಕೈಗೆ ಏರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಡ್ರೈವರ್ ಬಿರಡೆ ಬಿಚ್ಚಿಕೊಟ್ಟ ತೂತುಗಳಲ್ಲಿ ಬೆರಳು ಹಾಕಿ ಎಣ್ಣೆ ನೋಡುತ್ತಿದ್ದರು. ಗೇರ್ ಬಾಕ್ಸು, ಅದರ ಬೆನ್ನಿಗೆ ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಪೆಟ್ಟಿಗೆ, ಆಮೇಲೆ ಮುಂದಿನ ಗಾಲಿಗಳ ನಡುವೆ ಒಂದು, ಹಿಂದಿನ ಗಾಲಿಗಳ ನಡುವೆ ಒಂದು ಡಿಫರೆನ್ಶಿಯಲ್, ಅಂದರೆ ಬಲವನ್ನು ಎಡಬಲದ ಗಾಲಿಗಳಿಗೆ ಹಂಚುವ ಹಲ್ಲುಚಕ್ರಗಳ ಗುಂಡು. ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಹಳ್ಳದ ನೀರು ಹೊಕ್ಕಿದೆ, ಬೆರಳಿಗೆ ಹರಳು ಹತ್ತಿದರೆ ಹಲ್ಲು ಸವೆದಿದೆ. ಅಕ್ಕಲಕೋಟೆಯ ಗ್ಯಾರೇಜಿನಲ್ಲಿ ಜೀಪು ಬಿಚ್ಚಿದ ದಿನ ಸ್ಟೂಲು ಹಾಕಿಸಿಕೊಂಡು ಕೂತು, ಮಿಸ್ತ್ರಿಯ ತಲೆ ತಿಂದು ಕಲಿತ ವಿದ್ಯೆ ಇದು. ಬೇಡವೆಂದರೂ ನನಗೂ ಪಾಠವಾಗುತ್ತಿತ್ತು.

"ಇಂಜಿನ್ ಎಣ್ಣಿ ಬ್ಯಾರೆ, ಇದು ಬ್ಯಾರೆ, ತಂಗಿ. ಇಲ್ಲಿ ಹಲ್ಲಿಗಿ ಹಲ್ಲು ಕಚ್ಚಿ ತಿರಗತಾವ. ನಡುವ ಕಾಕವಿ ಹಂಗ ದಪ್ಪಂದು ನಿಂದರಬೇಕು. ತೆಳ್ಳಂದು ಹಾಕಿದ್ರ ಜಾರಿ ಹೋಗತದ."

ನಾನು ಹೂಂಗುಟ್ಟುತ್ತಿದ್ದೆ.

ಎಪ್ಪತ್ತರ ದಶಕದ ನಡುವೆ ಪೆಟ್ರೋಲಿಗೂ ಆಯಿಲ್ಲಿಗೂ ತತ್ವಾರ ಬಂದ ಕಾಲವೊಂದಿತ್ತು. ಹಿಂದಿನ ಡಿಫರೆನ್ಶಿಯಲ್ಲಿನ ಸೀಲು ಸೋರಿ ಎಣ್ಣೆ ಇಳಿದಿದೆ ಎಂದು ಡ್ರೈವರ್ ಹೇಳಿದಾಗ ಮಾವ, "ಮನ್ಯಾಗ ಕುಸುಬಿ ಎಣ್ಣಿ ಡಬ್ಬಿಗಟ್ಟಲೆ ಅದ. ಎಣ್ಣಿ ಅಂದ್ರ ಎಣ್ಣಿನೇ. ಅದನ್ನ ಹಾಕು" ಎಂದು ಹಾಕಿಸಿಬಿಟ್ಟರು. ಮಾವ ದಡ್ಡರೇನಲ್ಲ. ತಮ್ಮ ಹೊಲದ ಕುಸುಬೆಗಿಂತ ಮಿಗಿಲಾದದ್ದು ಲೋಕದಲ್ಲಿದೆ ಎಂದು ಒಪ್ಪದವರು, ಅಷ್ಟೇ.

ಜೀಪು ಅಕ್ಕಲಕೋಟೆಗೆ ಹೋಗಿ ಬಂದು ನಿಂತಾಗ ಅಂಗಳದ ತುಂಬ ಒಗ್ಗರಣೆಯ ವಾಸನೆ. ಅತ್ತೆ ಬಗ್ಗಿ ಮೂಸಿದರು.

"ಕುಸುಬಿ ಎಣ್ಣಿ ಡಬ್ಬಿ ಬಾಯಿ ಹೆಂಗ ಅಂಟಗಟ್ಟತದ, ನೋಡಿಲ್ಲೇನ್ರಿ? ಬಿಸಿ ಹತ್ತಿದ್ರ ಒಳಗ ಗೋಂದ ಆಗತದ. ತಗಸ್ರಿ."

"ತಗದು ಏನ ಹಾಕ್ತಿ? ಗಾಡಿ ನಡ್ಯಾಕತ್ತದ, ಸುಮ್ನಿರು" ಎಂದರು ಮಾವ.

ಡ್ರೈವರ್ ನೆಲ ನೋಡುತ್ತ ನಿಂತ. ಅತ್ತೆ ತಾವೇ ಬಿರಡೆ ಬಿಚ್ಚುವ ಪಾನಾ ಹಿಡಿದು ಜೀಪಿನಡಿ ತೂರಿ, ಎಲ್ಲರೆದುರೇ ಆ ಎಣ್ಣೆಯನ್ನು ಬೋಗುಣಿಗೆ ಇಳಿಸಿದರು. ನನಗೆ ಒಳಗೊಳಗೇ ಖುಷಿಯಾಯಿತು. ಗೇರ್ ಆಯಿಲ್ ಹುಡುಕಲು ಸೊಲ್ಲಾಪುರದ ನನ್ನ ತಂದೆಗೆ ಹೇಳಿ ಕಳಿಸಿದೆವು. ಜೀಪು ಒಣಗಿ ನಿಂತಿತು.

ಅದು ಹಾಗೆ ನಿಂತಿರುವಾಗಲೇ ವಳಸಂಗದಿಂದ ಸುದ್ದಿ ಬಂತು: ತಾಯಿಗೆ ವಿಪರೀತವಾಗಿದೆ, ಮಗಳನ್ನು ಕೇಳುತ್ತಿದ್ದಾರೆ. ಕೆಸರಿನಲ್ಲಿ ಚಕ್ಕಡಿ ಹೂಡಿ ಅಕ್ಕಲಕೋಟೆಗೆ ಹೋಗಿ, ಮಾವನೇ ಅತ್ತೆಯನ್ನು ಬಸ್ಸು ಹತ್ತಿಸಿದರು. ಅತ್ತೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ಮುದುಕಿ ಕೊನೆಯವರೆಗೂ "ಜೀಪಿನ ಸಪ್ಪಳ ಬಂತೇನು?" ಎಂದು ಕೇಳುತ್ತಿದ್ದರಂತೆ.

ದಿನಕರ್ಮಗಳೆಲ್ಲ ಮುಗಿದ ಮೇಲೆ ಮಾವ ಒಮ್ಮೆ ಅಂದರು, "ನಾ ಹಾಕಿದ್ದು ಇರಗೊಟ್ಟಿದ್ರ ವಳಸಂಗಕ್ಕ ಮುಟ್ಟತಿತ್ತು."

ಅದು ಚುಚ್ಚು ಮಾತಲ್ಲ, ಸಂಕಟದಿಂದ ಬಂದದ್ದು. ಅತ್ತೆ ಮಡಚುತ್ತಿದ್ದ ಸೀರೆಯನ್ನು ಪೂರ್ತಿ ಮಡಚಿ, "ಹೌದು, ಮುಟ್ಟತಿತ್ತು" ಎಂದರು. ಅವರು ವಾದಕ್ಕಿಳಿಯದೆ ಬಿಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ. ನನಗೆ ಅದನ್ನು ಕೇಳಲಾಗಲಿಲ್ಲ, ಎದ್ದು ಹೊರಗೆ ಹೋದೆ.

ಗೇರ್ ಆಯಿಲ್ ಬಂತು, ಸೀಲು ಹೊಸದಾಯಿತು, ಜೀಪು ಮತ್ತೆ ಓಡಿತು. ಸೊಲ್ಲಾಪುರಕ್ಕೆ ಹೋಗುವಾಗ ವಳಸಂಗ ಬಂದರೆ ಡ್ರೈವರ್ ಅಭ್ಯಾಸಬಲದಿಂದ ವೇಗ ತಗ್ಗಿಸುತ್ತಿದ್ದ. ಅತ್ತೆ "ನಡಿ" ಎನ್ನುತ್ತಿದ್ದರು.

ಕೆಲವು ವರ್ಷಗಳ ನಂತರ ನನ್ನ ತಾಯಿ ಸೊಲ್ಲಾಪುರದಲ್ಲಿ ಹಾಸಿಗೆ ಹಿಡಿದು, ಬೇಗ ಬಾ ಎಂಬ ಸುದ್ದಿ ಬಂತು. ನಾನು ಚೀಲ ಹಿಡಿದು ಅಂಗಳಕ್ಕೆ ಬಂದರೆ ಡ್ರೈವರ್ ಜೀಪಿನಡಿಯಿಂದ ಎದ್ದು, "ಅವ್ವಾರ, ಹಿಂದಿನ ಸೀಲು ಮತ್ತ ಹೋಗ್ಯಾದ್ರಿ. ಒಳಗ ಎಣ್ಣಿನೇ ಇಲ್ಲ. ಮನ್ಯಾಗಿನ ಗೇರ್ ಆಯಿಲ್ಲೂ ತೀರ್ಯಾದ" ಎಂದ.

ಅತ್ತೆ ಅಡುಗೆಮನೆಗೆ ಹೋಗಿ ಕುಸುಬೆ ಎಣ್ಣೆಯ ಡಬ್ಬಿ ಎತ್ತಿ ತಂದರು.

"ಹಾಕು ಇದನ್ನ. ಸೊಲ್ಲಾಪುರ ಮುಟ್ಟತದ."

ಕಟ್ಟೆಯ ಮೇಲಿದ್ದ ಮಾವ ಎದ್ದು ಬಂದು ಡಬ್ಬಿಯ ಮುಚ್ಚಳ ಬಿಚ್ಚಿಕೊಟ್ಟರು. ನಾನು ಮುಟ್ಟಿದೆ. ತಾಯಿ ನನ್ನ ಗುರುತು ಹಿಡಿದರು, ಊಟವಾಯಿತೇ ಎಂದು ಕೇಳಿದರು, ಮರುದಿನ ಸಂಜೆ ಜೀವ ಹೋಗುವವರೆಗೂ ನನ್ನ ಕೈ ಬಿಡಲಿಲ್ಲ. ನನ್ನನ್ನು ಇಳಿಸಿ ಹೊರಳಿ ಬರುವಾಗ ಬೋರೆಂದು ಒದರುತ್ತಿದ್ದ ಜೀಪು ದಾರಿಯಲ್ಲೇ ನಿಂತಿತು. ಡಿಫರೆನ್ಶಿಯಲ್ಲಿನ ಹಲ್ಲುಗಳೆಲ್ಲ ಹೋಗಿದ್ದವು. ಅದನ್ನು ಗುಜರಿಗೆ ಹಾಕಿದರು. ಮನೆಗೆ ಮತ್ತೊಂದು ಜೀಪು ಬರಲಿಲ್ಲ.

ಅತ್ತೆ ತೀರಿಕೊಂಡು ಬಹಳ ವರ್ಷವಾಯಿತು. ಅವರ ಋಣ ಯಾವುದೆಂದು ಯಾರಾದರೂ ಕೇಳಿದರೆ ನಾನು ಇದೊಂದನ್ನೇ ಹೇಳುತ್ತೇನೆ. ತಾಯಿಯ ಕಾರ್ಯ ಮುಗಿಸಿ ಬಂದ ದಿನ ನಾನು ಜೀಪಿನ ಮಾತು ತೆಗೆದು ಅಳತೊಡಗಿದಾಗ ಅವರು ನನ್ನ ಬಾಯಿ ಮುಚ್ಚಿಸಿದರು.

"ಗಾಡಿ ಹೋತು, ಹೋಗ್ಲಿ ಬಿಡು. ಆಕಿ ನಿನ್ನ ದನಿ ಕೇಳಿದಳಿಲ್ಲ?"