ಹಳದಿ ಪೆಟ್ಟಿಗೆಯ ಹತ್ತು ಗುಂಡು

೧೯೩೮ರಲ್ಲಿ ನಾನು ಕೊಪ್ಪಳದಲ್ಲಿ ಸಿಪಾಯಿಗಳಿಗೆ ಗುರಿ ಕಲಿಸುವ ಉಸ್ತಾದನಾಗಿದ್ದೆ. ಅಭ್ಯಾಸಕ್ಕೆ ಇದ್ದದ್ದು ಪಾಯಿಂಟ್ ಟೂ-ಟೂ ರೈಫಲ್. ಅದರ ತೋಟಾದ ಹಿಂಬದಿ ಅಂಚಿನೊಳಗೇ ಸಿಡಿಮದ್ದು ಇರುತ್ತದೆ; ಪಿನ್ನು ಆ ಅಂಚಿಗೆ ಬಡಿದರೆ ಗುಂಡು ಹಾರುತ್ತದೆ. ರಿಮ್‌ಫೈರ್ ಎನ್ನುವುದು ಅದಕ್ಕೇ. ಆ ವರ್ಷ ಮೂರು ಕಂಪನಿಗಳ ತೋಟಾ ಬಂದವು: ಕೆಂಪು, ನೀಲಿ, ಹಳದಿ ಪೆಟ್ಟಿಗೆ. ಯಾವುದು ನೆಟ್ಟಗೆ ಹೋಗುತ್ತದೆಂದು ನೋಡಿ ವರದಿ ಕೊಡಲು ನನಗೆ ಹುಕುಂ ಆಯಿತು.

ಗುರಿಹಲಗೆಯ ಕೆಳಗಿನ ತಗ್ಗಿನಲ್ಲಿ ಕೂತು, ಪ್ರತಿ ಸುತ್ತಿನ ಮೇಲೆ ತೂತುಗಳಿಗೆ ಗಂಜಿಯಿಂದ ಕಾಗದದ ಚೂರು ಅಂಟಿಸುವವನು ಕುಷ್ಟಗಿ ಕಡೆಯ ಹನುಮಪ್ಪ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ತನ್ನ ಬುತ್ತಿಯಲ್ಲಿ ದಿನಾ ಒಂದು ರೊಟ್ಟಿ ನನಗೆಂದೇ ತರುತ್ತಿದ್ದ. ಪ್ರತಿ ಹತ್ತು ಗುಂಡಿಗೆ ಕಾಗದ ಬಿಚ್ಚಿ ತಂದುಕೊಡು ಎಂದಷ್ಟೇ ಅವನಿಗೆ ಹೇಳಿದೆ.

ಐವತ್ತು ಗಜದಿಂದ, ಮರಳಿನ ಚೀಲದ ಮೇಲೆ ರೈಫಲ್ ಇಟ್ಟು ಹೊಡೆದೆ. ಮೇಲಧಿಕಾರಿ ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೂರೂ ಕಾಗದಗಳಲ್ಲಿ ತೂತುಗಳೆಲ್ಲ ಒಂದು ರೂಪಾಯಿ ನಾಣ್ಯದಗಲದೊಳಗೇ ಇದ್ದವು. ಹಳದಿಯದರಲ್ಲಿ ಆರೇ ಕಂಡವು. ಒಂದೇ ತೂತಿನಲ್ಲಿ ಎರಡು ಗುಂಡು ಹೋಗುವುದುಂಟು; ನಾನು ಹಿಗ್ಗಿಹೋದೆ, ಕಾಗದ ತಿರುವಿ ನೋಡಲಿಲ್ಲ. ಹಳದಿಗೇ ಶಿಫಾರಸು ಬರೆದೆ.

ಆ ತೋಟಾ ಬಂದ ಮೇಲೆ ಸಿಪಾಯಿಗಳ ಗುಂಡೆಲ್ಲ ದಿಕ್ಕಾಪಾಲು. ಹಳೆಯ ಕಾಗದವನ್ನು ಬೆಳಕಿಗೆ ಹಿಡಿದೆ. ಅಂಚಿನ ಕಡೆ ನಾಲ್ಕು ತೇಪೆ ಇದ್ದವು. ಹನುಮಪ್ಪ ಹಳದಿ ಪೆಟ್ಟಿಗೆಯ ಕಂಪನಿಯವರಿಂದ ಲಂಚ ತಿಂದಿದ್ದಾನೆಂದು ಮೈಯೆಲ್ಲ ಉರಿಯಿತು. ಅಧಿಕಾರಿಯ ಎದುರು, ಸಿಪಾಯಿಗಳ ಎದುರು ನಿಲ್ಲಿಸಿ ಕೇಳಿದೆ.

“ಮುಚ್ಚಿದ್ದು ಖರೇರಿ,” ಎಂದ. ಯಾಕೆಂದು ಎಷ್ಟು ಗದರಿಸಿದರೂ ಬಾಯಿ ಬಿಡಲಿಲ್ಲ. ಅವನನ್ನು ಕೆಲಸದಿಂದ ತೆಗೆಯಲು ನಾನೇ ಬರೆದುಕೊಟ್ಟೆ.

ಮೂರು ವರ್ಷದ ಮೇಲೆ ಕುಷ್ಟಗಿಗೆ ಹೋದಾಗ ಅವನ ಮನೆ ಹುಡುಕಿದೆ. ಸಿಟ್ಟು ಆರಿತ್ತು, ಯಾಕೆ ಮಾಡಿದ ಎಂಬುದು ಮಾತ್ರ ಕೊರೆಯುತ್ತಿತ್ತು. ಹನುಮಪ್ಪ ತೀರಿಕೊಂಡು ವರ್ಷವಾಗಿತ್ತು. ಅವನ ಹೆಂಡತಿ ಯಲ್ಲವ್ವನಿಗೆ ನಾನು ಯಾರೆಂದು ಹೇಳಿ, ತೇಪೆಯ ವಿಷಯ ಕೇಳಿದೆ. ಅವಳು ನೀರು ಕೊಟ್ಟು ಕೂರಿಸಿ ಹೇಳಿದಳು:

“ಪರೀಕ್ಷಾ ನಿಮ್ದಂತ ತಿಳ್ಕೊಂಡಿದ್ರು ಅವ್ರು. ಹಿಂದ ದೊಡ್ಡ ಸಾಹೇಬ್ರು ಕುಂತಿದ್ರಲ್ರಿ. ನಿಮ್ಮ ಕೈ ನಡುಗೇತಿ, ನೌಕರಿ ಹೋಗತೈತಿ ಅಂತ ಮುಚ್ಚಿದ್ರು. ಮಂದಿ ಮುಂದ ಅದನ್ನ ಹ್ಯಾಂಗ ಹೇಳ್ತಾರ್ರಿ?”

ಪರೀಕ್ಷೆ ತೋಟಾದ್ದು ಎಂದು ಮೇಲಿನವರಿಗೆ ನಾಲ್ಕು ಪುಟ ಬರೆದಿದ್ದೆ. ತಗ್ಗಿನಲ್ಲಿ ಕೂತವನಿಗೆ ಒಂದು ಮಾತು ಹೇಳಿರಲಿಲ್ಲ. ಅಲ್ಲಿಂದ ಮುಂದೆ ನಿವೃತ್ತಿಯವರೆಗೂ, ಯಾವ ಕೆಲಸ ಯಾತಕ್ಕೆಂದು ಕಟ್ಟಕಡೆಯ ಆಳಿಗೆ ಮೊದಲು ಹೇಳಿಯೇ ಶುರುಮಾಡಿದ್ದೇನೆ. ಹನುಮಪ್ಪನಿಗೆ ಅದರಿಂದ ಏನೂ ಸಿಕ್ಕಲಿಲ್ಲ.

ಹೊರಟಾಗ ಯಲ್ಲವ್ವ ಬಾಗಿಲತನಕ ಬಂದಳು. “ಈಗ ನಿಮ್ಮ ಗುರಿ ಛಲೋ ಆಗೇತೇನ್ರಿ? ಕೊಪ್ಪಳದಿಂದ ಯಾರು ಬಂದ್ರೂ ನಮ್ಮ ಮನಿಯವ್ರು ಇದನ್ನ ಕೇಳ್ತಿದ್ರು.”

“ಆಗೇತವ್ವ,” ಎಂದೆ.