ಕೆಂಪು ದೀಪಕ್ಕೆ ಹೆದರುತ್ತಿದ್ದವರು

ಅಂಗಡಿಯಲ್ಲಿರುವಷ್ಟು ಹೊತ್ತೂ ದೊಡ್ಡಮ್ಮನ ಎರಡು ಕೈಯ ಗಾಜಿನ ಬಳೆಗಳು ಮೊಣಕೈ ತನಕ ಏರಿ ಅಲ್ಲೇ ಬಿಗಿದುಕೊಂಡಿರುತ್ತಿದ್ದವು. ಕೆಳಗೆ ಜಾರದಂತೆ ಒಂದೊಂದು ರಬ್ಬರ್ ಬ್ಯಾಂಡ್. ಸಂಜೆ ಅದನ್ನು ತೆಗೆದಾಗ ಚರ್ಮದ ಮೇಲೆ ಕೆಂಪು ಗೆರೆ ಉಳಿದಿರುತ್ತಿತ್ತು. ಮೊದಲ ಸಲ ಕಂಡಾಗ ಯಾಕೆ ಹೀಗೆ ಎಂದು ಕೇಳಿದ್ದೆ. ಎಣ್ಣೆ ಸುರಿಯುವ ಲಾಳಿಕೆ ಹಿಡಿದ ಕೈಯನ್ನು ಅಲ್ಲಾಡಿಸದೆ ಅವರು ಹೇಳಿದರು:

“ಬಳೆ ಒಡ್ದು ಒಂದು ಚೂರು ಎಣ್ಣೆಗೆ ಬಿತ್ತು ಅಂತ ಇಟ್ಕೋ. ಅದು ಇಂಜಿನ್ ಒಳಗೆ ಹೋಯ್ತು ಅಂತ ಇಟ್ಕೋ. ಆಮೇಲೆ ಕಾರು ರೈಲ್ವೆ ಗೇಟಿನ ಮಧ್ಯ ನಿಂತ್ಹೋಯ್ತು ಅಂತ ಇಟ್ಕೋ.”

‘ಅಂತ ಇಟ್ಕೋ’ ಎನ್ನುವುದು ಅವರ ಮಾತಿನ ಕೊನೆಗೆ ಸದಾ ಬರುತ್ತಿತ್ತು. ಅವರು ಹಾಗೆ ಇಟ್ಟುಕೊಂಡ ಅನಾಹುತಗಳಲ್ಲಿ ಹೆಚ್ಚಿನವು ಎಂದೂ ನಡೆಯಲಿಲ್ಲ.

ಬೀರೂರಿನಲ್ಲಿ ಅವರದು ಇಂಜಿನ್ ಆಯಿಲಿನ ಅಂಗಡಿ. ಅದಕ್ಕೆ ಅಂಟಿಕೊಂಡಂತೆ ಅವರ ಯಜಮಾನರ ಹಿಟ್ಟಿನ ಮಿಲ್ಲು. ನಮಗೂ ಅವರಿಗೂ ನೆಂಟಸ್ತಿಕೆಯೇನೂ ಇರಲಿಲ್ಲ. ಅಮ್ಮನಿಗಿಂತ ಹಿರಿಯರೆಂದು ನಾನು ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆ, ಮಿಲ್ಲಿನವರನ್ನು ದೊಡ್ಡಪ್ಪ ಎನ್ನುತ್ತಿದ್ದೆ.

ನಮ್ಮ ಮನೆ ಅಜ್ಜಂಪುರದಲ್ಲಿ. ಅಮ್ಮನ ಕಿಡ್ನಿಗಳು ಕೈಕೊಟ್ಟ ಮೇಲೆ ಸೋಮವಾರ ಮತ್ತು ಗುರುವಾರ ಅವಳನ್ನು ಬೀರೂರಿನ ಮೇಲೆ ಹಾದು ಕಡೂರಿಗೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕಾಯಿತು. ಅಪ್ಪ ಇರಲಿಲ್ಲ, ಅವರ ಹಳೆಯ ಕಾರು ಇತ್ತು, ನಾನು ಹುಟ್ಟುವುದಕ್ಕೂ ಎಷ್ಟೋ ಮೊದಲಿನದು. ಸೋಮವಾರ ಅದನ್ನು ಓಡಿಸುತ್ತಿದ್ದೆ. ಗುರುವಾರಕ್ಕೆ ತರೀಕೆರೆಯಿಂದ ಅಕ್ಕನ ಗಂಡ, ನನ್ನ ಭಾವ, ತಮ್ಮ ಹೊಸ ಕಾರನ್ನು ತಂದುಕೊಡುತ್ತಿದ್ದರು. ಹೀಗೆ ಒಂದೇ ರಸ್ತೆಯಲ್ಲಿ ವಾರಕ್ಕೆ ಎರಡು ಬಗೆಯ ಹೆದರಿಕೆ ನನ್ನದಾಗಿತ್ತು. ಹಳೆಯದು ಎಲ್ಲಿ ನಿಂತುಬಿಡುತ್ತದೋ ಎಂದು ಒಂದು ದಿನ. ಹೊಸದನ್ನು ಎಲ್ಲಿ ಗುದ್ದಿಬಿಡುತ್ತೇನೋ ಎಂದು ಇನ್ನೊಂದು ದಿನ.

ನನಗೆ ಮೊದಲಿನಿಂದಲೂ ದಿನಚರಿ ಬರೆಯುವ ಅಭ್ಯಾಸ. ಹೊರಟ ಹೊತ್ತು, ಮುಟ್ಟಿದ ಹೊತ್ತು, ಅಮ್ಮನ ತೂಕ, ಕಾರಿನ ಕಿಲೋಮೀಟರು, ಎಣ್ಣೆ ಬದಲಿಸಿದ ತಾರೀಖು. ದೊಡ್ಡಮ್ಮ ಅದನ್ನು ನೋಡಿ ನಗುತ್ತಿದ್ದರು. “ನೀನು ಬರ್ಕೊಂಡು ಹೆದರ್ತೀಯ. ನಾನು ಹಂಗೇ ಹೆದರ್ತೀನಿ. ನಿಂಗೇ ಖರ್ಚು ಜಾಸ್ತಿ, ಪೆನ್ನು ಬೇಕು.”

ಅವರ ಅಂಗಡಿಯಲ್ಲಿ ಡಬ್ಬಿ ಕೇಳಿದ ತಕ್ಷಣ ಡಬ್ಬಿ ಸಿಗುತ್ತಿರಲಿಲ್ಲ. ಯಾವ ಕಾರು, ಎಷ್ಟು ಓಡಿದೆ, ಯಾವ ರಸ್ತೆ, ಹೊಗೆ ಬರುತ್ತದೆಯೇ, ರಾತ್ರಿ ನಿಲ್ಲಿಸಿದ ಕಡೆ ನೆಲದ ಮೇಲೆ ಕಲೆ ಬೀಳುತ್ತದೆಯೇ. ಕೊನೆಯದಾಗಿ ಎಲ್ಲರಿಗೂ ಒಂದೇ ಪ್ರಶ್ನೆ: “ಯಾರು ಕೂರ್ತಾರೆ ಅದ್ರಲ್ಲಿ?” ಹೊಸ ಕಾರಿನವರಾದರೆ ಕಾರಿನ ಜೊತೆ ಕೊಟ್ಟ ಪುಸ್ತಕ ತರಬೇಕು. ಅದರಲ್ಲಿ ಬರೆದ ನಂಬರಿನ ಎಣ್ಣೆ ಬಿಟ್ಟು ಬೇರೆಯದನ್ನು ಕೊಡುತ್ತಿರಲಿಲ್ಲ. ಹಳೆಯ ಕಾರಿಗೆ ಪುಸ್ತಕ ಎಲ್ಲಿಯದು. ಆಗ ಬಾನೆಟ್ ಎತ್ತಿಸಿ, ಎಣ್ಣೆಯ ಅಳತೆ ಕಡ್ಡಿ ಎಳೆದು, ಬಿಳಿ ಬಟ್ಟೆಗೆ ಒರೆಸಿ ನೋಡುತ್ತಿದ್ದರು.

ಒಮ್ಮೆ ತರೀಕೆರೆ ಕಡೆಯ ಟ್ಯಾಕ್ಸಿಯವನೊಬ್ಬ ರೇಗಿದ. “ಏನ್ ದೊಡ್ಡಮ್ಮ, ಎಣ್ಣೆ ಕೊಡ್ತೀರೋ ಹೆಣ್ಣು ಕೊಡ್ತೀರೋ? ಇಷ್ಟೊಂದು ವಿಚಾರಿಸ್ತೀರಲ್ಲ.”

“ಹೆಣ್ಣು ಕೊಡೋದಾಗಿದ್ರೆ ಇಷ್ಟು ಕೇಳ್ತಿರ್ಲಿಲ್ಲ ಕಣಯ್ಯ. ನಿನ್ ಮುಖ ನೋಡೇ ಇಲ್ಲ ಅಂದ್ಬಿಡ್ತಿದ್ದೆ.”

ನಮ್ಮ ಎರಡು ಕಾರಿನ ಲೆಕ್ಕವನ್ನು ಅವರು ನನಗೆ ಬಿಡಿಸಿ ಹೇಳಿದ್ದು ಹೀಗೆ: “ನಿಮ್ಮಪ್ಪನ ಕಾರು ಒಳಗೆಲ್ಲ ಸವೆದು ಸಂದು ಬಿಟ್ಟಿದೆ. ತೆಳ್ಳಗಿನ ಎಣ್ಣೆ ಅಲ್ಲಿ ನಿಲ್ಲಲ್ಲ, ಜಾರ್ಕೊಂಡು ಹೋಗುತ್ತೆ. ಅದಕ್ಕೆ ದಪ್ಪದ್ದೇ ಸರಿ, ಟ್ವೆಂಟಿ ಫಿಫ್ಟಿ. ನಿಮ್ ಭಾವಂದು ಹೊಸದು, ಸಂದೇ ಇಲ್ಲ. ಅದಕ್ಕೆ ದಪ್ಪದ್ದು ಹಾಕಿದ್ರೆ ಬೆಳಿಗ್ಗೆ ತಣ್ಣಗಿರೋವಾಗ ಮೇಲಕ್ಕೆ ಹತ್ತೋಕೇ ಹೊತ್ತು ಹಿಡಿಯುತ್ತೆ. ಅದಕ್ಕೆ ತೆಳ್ಳಂದು, ಜೀರೋ ಟ್ವೆಂಟಿ. ರೇಟು ಜಾಸ್ತಿ ಇರೋದೇ ಒಳ್ಳೇದು ಅಂತ ಅಲ್ಲ.”

ಅವರಿಗೆ ಇಷ್ಟು ಹೆದರಿಕೆ ಎಲ್ಲಿಂದ ಬಂತು ಎಂಬುದಕ್ಕೆ ಊರಲ್ಲಿ ನಾಲ್ಕಾರು ಕತೆಗಳಿದ್ದವು. ಅವರ ತಮ್ಮ ಲಾರಿ ಅಪಘಾತದಲ್ಲಿ ಸತ್ತನಂತೆ, ಮದುವೆಯ ವ್ಯಾನು ಮಗುಚಿತ್ತಂತೆ. ನಾನು ನೇರವಾಗಿ ಕೇಳಿದೆ. ಅವರು ಆಶ್ಚರ್ಯದಿಂದ ನೋಡಿದರು. “ಏನೂ ಆಗಿಲ್ಲ ಕಣೇ. ತಮ್ಮ ಕಡೂರಲ್ಲಿ ಗುಂಡ್‌ಕಲ್ಲಂಗವ್ನೆ. ಏನಾದ್ರೂ ಆಗಿದ್ರೇನೇ ಹೆದರ್ಬೇಕಾ?”

ಕಾರಿನ ಎಣ್ಣೆ ಮಾರುವ ಅವರು ಕಾರು ಹತ್ತುತ್ತಿರಲಿಲ್ಲ. ಕಡೂರಿಗೆ ಹೋಗಬೇಕಾದರೂ ರೈಲಿಗೆ ಕಾಯುತ್ತಿದ್ದರು. ಹಳಿಯ ಮೇಲಿರುವುದು ಅಡ್ಡಾದಿಡ್ಡಿ ಹೋಗುವುದಿಲ್ಲವಲ್ಲ ಎಂಬ ಧೈರ್ಯ.

ನಾನು ಹೊಸದಾಗಿ ಅಮ್ಮನನ್ನು ಕೂರಿಸಿಕೊಂಡು ಓಡಿಸತೊಡಗಿದಾಗ ಅವರು ನನ್ನನ್ನು ಸ್ಟೀರಿಂಗ್ ಮುಂದೆ ಕೂರಿಸಿ, ತಾವು ಹೊರಗೆ ನಿಂತು, ಕಿಟಕಿಯಿಂದ ಬೆರಳು ತೂರಿಸಿ ಎಣ್ಣೆಯ ಕೆಂಪು ದೀಪ ಎಲ್ಲಿದೆಯೆಂದು ತೋರಿಸಿದರು. “ಪೆಟ್ರೋಲ್ ಮುಗಿದ್ರೆ ಕಾರು ನಿಲ್ಲುತ್ತೆ, ಅಷ್ಟೆ. ಎಣ್ಣೆ ಕೈಕೊಟ್ರೆ ಇಂಜಿನ್ನೇ ಹೋಗುತ್ತೆ. ಓಡ್ತಾ ಇರೋವಾಗ ಇದು ಹತ್ತಿದ್ರೆ ಪಕ್ಕಕ್ಕೆ ತಗೊಂಡು ಮೊದ್ಲು ಕೀಲಿ ತಿರುಗ್ಸು. ನಿಮ್ಮಮ್ಮ ಏನ್ ಹೇಳಿದ್ರೂ ಕೇಳ್ಬೇಡ.” ಆಮೇಲೆ ಇನ್ನೊಂದು ಮಾತು ಸೇರಿಸಿದರು. “ಓಡಿಸೋವಾಗ ಫೋನ್ ಎತ್ಬೇಡ. ನಾನೇ ಮಾಡಿದ್ರೂ ಎತ್ಬೇಡ.”

ಒಂದು ಸೋಮವಾರ ಈ ಎರಡು ಮಾತೂ ಒಟ್ಟಿಗೆ ಪರೀಕ್ಷೆಗೆ ಬಂದವು.

ಹಿಂದಿನ ಗುರುವಾರ ಅಮ್ಮನಿಗೆ ಚಳಿಜ್ವರ ಬಂದು ಡಯಾಲಿಸಿಸ್ ಅರ್ಧಕ್ಕೇ ನಿಲ್ಲಿಸಿದ್ದರು. ಭಾನುವಾರದ ಹೊತ್ತಿಗೆ ಅವಳ ಪಾದಗಳು ಚಪ್ಪಲಿಗೆ ಹಿಡಿಯದಷ್ಟು ಊದಿದ್ದವು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ಇದ್ದಳು. ಸೋಮವಾರ ತಪ್ಪಿಸುವಂತೆಯೇ ಇರಲಿಲ್ಲ. ಅದೇ ಭಾನುವಾರ ಭಾವ ಬಂದು, ಊರಿನ ಮೆಕ್ಯಾನಿಕ್ಕನ್ನು ಕರೆಸಿ, ಅಪ್ಪನ ಕಾರಿನ ಎಣ್ಣೆ ಬದಲಿಸಿ ಹೋಗಿದ್ದರು. “ಅತ್ತೆ ಕೂರೋ ಗಾಡಿ, ಒಳ್ಳೇದೇ ಹಾಕ್ಸಿದೀನಿ ಕಣಮ್ಮ” ಎಂದರು. ಡಬ್ಬಿ ದೊಡ್ಡಮ್ಮನ ಅಂಗಡಿಯದೇ. ಹಾಗಾಗಿ ನಾನು ತಾರೀಖು ಬರೆದುಕೊಂಡು ಸುಮ್ಮನಾದೆ.

ಬೆಳಿಗ್ಗೆ ಹೊರಟು ಅರ್ಧ ದಾರಿ ದಾಟಿರಬಹುದು. ರಸ್ತೆಯ ಒಂದು ಉಬ್ಬಿಗೆ ನಿಧಾನಿಸಿದಾಗ ಕೆಂಪು ದೀಪ ಮಿಣುಕಿತು. ವೇಗ ಹೆಚ್ಚಿಸಿದೆ, ಆರಿತು. ಕಣ್ಣಿನ ಭ್ರಮೆ ಇರಬೇಕೆಂದು ಹೇಳಿಕೊಂಡೆ. ಮುಂದಿನ ತಿರುವಿನಲ್ಲಿ ನಿಧಾನಿಸಿದಾಗ ಮತ್ತೆ ಹತ್ತಿತು, ಆರಲಿಲ್ಲ. ಇಂಜಿನ್ನಿನೊಳಗೆ ಯಾರೋ ಚಮಚದಿಂದ ತಟ್ಟೆ ಕುಟ್ಟಿದಂಥ ಸದ್ದು.

ಪಕ್ಕದಲ್ಲಿ ಅಮ್ಮನ ಉಸಿರಿನ ಸದ್ದು ಕೇಳುತ್ತಿತ್ತು. “ಹೋಗ್ಲಿ ನಡಿಯೇ” ಎಂದಳು. “ಇನ್ನೇನು ಬಂತಲ್ಲ ಬೀರೂರು.”

ಓಡಿಸಿದರೆ ಇಂಜಿನ್ ಕಚ್ಚಿ ಎಲ್ಲೋ ನಿಲ್ಲಬಹುದು. ನಿಲ್ಲಿಸಿದರೆ ಇಲ್ಲೇ ನಿಂತೆವು. ಎರಡರಲ್ಲಿ ಯಾವುದು ಅಮ್ಮನನ್ನು ಉಳಿಸುತ್ತದೆಂದು ಯೋಚಿಸುವ ಶಕ್ತಿ ನನಗಿರಲಿಲ್ಲ. ಕಿಟಕಿಯೊಳಗೆ ತೂರಿದ ಆ ಬೆರಳು ಮಾತ್ರ ಕಣ್ಣ ಮುಂದಿತ್ತು. ಪಕ್ಕಕ್ಕೆ ತೆಗೆದುಕೊಂಡು ಕೀಲಿ ತಿರುಗಿಸಿದೆ.

ಸುತ್ತ ತೆಂಗಿನ ತೋಟ. ದೂರದಲ್ಲೊಂದು ಬೋರ್‌ವೆಲ್ಲಿನ ಶೆಡ್ಡು. ಮನುಷ್ಯರಿಲ್ಲ. ಆಂಬುಲೆನ್ಸಿಗೆಂದು ಫೋನ್ ತೆಗೆದರೆ, ದಾರಿಯಲ್ಲಿ ನಾನು ಎತ್ತದೆ ಬಿಟ್ಟಿದ್ದ ಏಳು ಕರೆಗಳೂ ದೊಡ್ಡಮ್ಮನವು. ತಿರುಗಿ ಮಾಡಿದೆ. ಎತ್ತಲಿಲ್ಲ. ಆಂಬುಲೆನ್ಸಿನವರು ಬರಲು ಮುಕ್ಕಾಲು ಗಂಟೆಯಾದರೂ ಬೇಕು ಎಂದರು. ಅಮ್ಮ ಕಣ್ಣು ಮುಚ್ಚಿ, ಡ್ಯಾಶ್‌ಬೋರ್ಡಿಗೆ ಎರಡೂ ಕೈ ಊರಿ, ಮುಂದಕ್ಕೆ ಬಾಗಿ ಉಸಿರೆಳೆಯುತ್ತಿದ್ದಳು. ಅವಳ ತುಟಿಯ ಬಣ್ಣ ನೋಡಬಾರದೆಂದುಕೊಂಡು ಅದನ್ನೇ ನೋಡುತ್ತಿದ್ದೆ.

ಆಗ ಬೀರೂರಿನ ಕಡೆಯಿಂದ ಒಂದು ಲಗೇಜ್ ಆಟೋ ಬಂತು. ಹಿಟ್ಟಿನ ಮೂಟೆಗಳನ್ನೂ ಇಳಿಸದೆ ದೊಡ್ಡಪ್ಪ ಓಡಿಸಿಕೊಂಡು ಬರುತ್ತಿದ್ದರು. ಪಕ್ಕದಲ್ಲಿ ದೊಡ್ಡಮ್ಮ. ಎರಡೂ ಕೈಯಲ್ಲಿ ಕಬ್ಬಿಣದ ಸರಳು ಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು. ಕಾಲ ಸಂದಿಯಲ್ಲಿ ಒಂದು ಎಣ್ಣೆಯ ಡಬ್ಬಿ. ಫೋನ್ ಯಾಕೆ ಎತ್ತಲಿಲ್ಲವೆಂದು ಆಗ ತಿಳಿಯಿತು. ಎತ್ತುವುದಕ್ಕೆ ಅವರಿಗೆ ಕೈ ಖಾಲಿ ಇರಲಿಲ್ಲ.

“ಬಂತೇನ್ರೀ? ಕಾರು ಕಾಣುತ್ತೇನ್ರೀ?”

“ಕಣ್ ಬಿಟ್ರೆ ಕಾಣುತ್ತೆ, ಬಿಡೇ” ಎಂದರು ದೊಡ್ಡಪ್ಪ.

ಇಳಿದವರೇ ನನ್ನ ಕಡೆ ನೋಡದೆ ಕಾರಿನ ಒಳಗೆ ಬಗ್ಗಿ ಕೀಲಿ ನೋಡಿದರು. ತಿರುಗಿಸಿ ಕೈಗೆ ತೆಗೆದುಕೊಂಡಿದ್ದೆ. ಅವರ ಮೊಣಕೈಯ ಬಳೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. “ನಿಮ್ ಭಾವ ಶನಿವಾರ ಜೀರೋ ಟ್ವೆಂಟಿ ತಗೊಂಡ. ಯಾವ ಕಾರಿಗಪ್ಪಾ ಅಂದೆ, ನಂದಕ್ಕೆ ಅಂದ. ಅವನ ಕಾರಿಗೆ ಮೊನ್ನೆ ಮೊನ್ನೆ ನಾನೇ ಕೊಟ್ಟಿದ್ದೆ. ಬೆಳಿಗ್ಗೆ ಬಾಗಿಲು ತೆಗೆಯೋವಾಗ ಹೊಳೀತು. ಫೋನ್ ಮಾಡಿದ್ರೆ ನಗ್ತಾನೆ, ಅತ್ತೆ ಕಾರಿಗೆ ಹಾಕ್ಸ್ದೆ ದೊಡ್ಡಮ್ಮ, ನಿಮ್ಗೆ ಹೇಳಿದ್ರೆ ನೂರು ಪ್ರಶ್ನೆ ಕೇಳ್ತಿದ್ರಿ ಅಂತಾನೆ.”

ಅಮ್ಮನನ್ನು ಎತ್ತಿ ಆಟೋದ ಮುಂದಿನ ಸೀಟಿನಲ್ಲಿ ಕೂರಿಸಿದೆವು. ನಾನು ಹಿಂದೆ ಮೂಟೆಗಳ ಮೇಲೆ ಹತ್ತಿದೆ. ದೊಡ್ಡಮ್ಮ ಹತ್ತಲಿಲ್ಲ.

“ನೀವು?”

“ಕಾರು ಒಂಟಿ ಬಿಡೋಕಾಗುತ್ತೇನೇ? ಯಾವನೋ ಬಂದು ಸ್ಟಾರ್ಟ್ ಮಾಡ್ಬಿಟ್ಟ ಅಂತ ಇಟ್ಕೋ. ನಡೀರಿ, ನಡೀರಿ.”

ಕೀಲಿ ನನ್ನ ಕೈಯಲ್ಲೇ ಇತ್ತು. ಅದನ್ನು ಅವರಿಗೆ ಕೊಟ್ಟು ಹೊರಟೆವು. ತಿರುವಿನಲ್ಲಿ ಹಿಂದಕ್ಕೆ ನೋಡಿದಾಗ ಅವರು ರಸ್ತೆಯ ಎರಡೂ ಕಡೆ ನೋಡುತ್ತ ಒಬ್ಬರೇ ನಿಂತಿದ್ದರು. ಅಂಗಡಿಯಿಂದ ಬಸ್ ನಿಲ್ದಾಣಕ್ಕೂ ಒಬ್ಬರೇ ಹೋಗದ ಹೆಂಗಸು.

ಕಡೂರು ತಲುಪಿದಾಗ ನರ್ಸು ಅಮ್ಮನನ್ನು ಕಂಡು ಒಂದು ಮಾತೂ ಕೇಳದೆ ಆಕ್ಸಿಜನ್ ಹಾಕಿದರು. ಯಂತ್ರಕ್ಕೆ ಜೋಡಿಸಿ ಸ್ವಲ್ಪ ಹೊತ್ತಾದ ಮೇಲೆ, “ಇನ್ನೂ ತಡ ಮಾಡಿದ್ರೆ ಕಷ್ಟ ಇತ್ತು” ಎಂದಷ್ಟೇ ಹೇಳಿದರು. ನಾನು ಹೊರಗಿನ ಬೆಂಚಿನ ಮೇಲೆ ಕೂತು ಬರೆಯಲು ಪೆನ್ನು ತೆಗೆದೆ. ಬರೆಯಲಾಗಲಿಲ್ಲ. ಕೈಗೆ ಹಿಟ್ಟು ಮೆತ್ತಿತ್ತು. ಆ ತಾರೀಖಿನ ಪುಟ ಇವತ್ತಿಗೂ ಖಾಲಿಯೇ ಇದೆ.

ಆಮೇಲಿನದನ್ನು ದೊಡ್ಡಪ್ಪ ಹೇಳಿದರು. ಅವರು ವಾಪಸು ಹೋದಾಗ ದೊಡ್ಡಮ್ಮ ಕಾರಿನ ಹಿಂದಿನ ಸೀಟಿನಲ್ಲಿ, ಕಿಟಕಿಗಳನ್ನೆಲ್ಲ ಏರಿಸಿಕೊಂಡು, ಬಿಸಿಲಿನಲ್ಲಿ ಬೆವರು ಸುರಿಸುತ್ತ, ಡಬ್ಬಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರಂತೆ. ದೊಡ್ಡಪ್ಪ ಕಾರಿನ ಕೆಳಗೆ ಮಲಗಿ ತೆಳ್ಳಗಿನ ಎಣ್ಣೆ ಇಳಿಸಿದರು. ದೊಡ್ಡಮ್ಮ ದಪ್ಪ ಎಣ್ಣೆ ಸುರಿದರು. ಸ್ಟಾರ್ಟ್ ಮಾಡಿದಾಗ ದೀಪ ಆರಿತು. ಸ್ವಲ್ಪ ಹೊತ್ತಿನಲ್ಲಿ ಆ ಕುಟ್ಟುವ ಸದ್ದೂ ನಿಂತಿತು. ದೀಪ ಕಂಡ ಕೂಡಲೇ ಆರಿಸಿದ್ದರಿಂದ ಇಂಜಿನ್ ಉಳಿದಿತ್ತು.

ಮಧ್ಯಾಹ್ನ ಅಪ್ಪನ ಕಾರು ಆಸ್ಪತ್ರೆಯ ಮುಂದೆ ಬಂದು ನಿಂತಿತು. ಓಡಿಸಿಕೊಂಡು ಬಂದವರು ದೊಡ್ಡಪ್ಪ. ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ದೊಡ್ಡಮ್ಮ. ಕಾರಿನಲ್ಲಿ ಅವರು ಕಡೂರಿಗೆ ಬಂದದ್ದು ಅದೊಂದೇ ಸಲ. ಬಾಗಿಲ ಗಾಜಿನಿಂದ ಅಮ್ಮನನ್ನು ನೋಡಿದರು, ಯಂತ್ರವನ್ನು ನೋಡಿದರು. “ಇದಕ್ಕೂ ಕೆಂಪು ದೀಪ ಇದೆಯಾ?” ಎಂದು ಪಿಸುಗುಟ್ಟಿದರು. ಇದೆ ಎಂದೆ. ಗೋಡೆ ಹಿಡಿದು ಕೂತರು.

ಭಾವನನ್ನು ಅವರು ಬೈದದ್ದು ಒಂದೇ ಸಲ, ಫೋನಿನಲ್ಲಿ. “ಪ್ರೀತಿ ಇದ್ರೆ ಅತ್ತೆಗೆ ಸೀರೆ ತಕ್ಕೊಡಪ್ಪ. ಎಣ್ಣೆ ವಿಷಯದಲ್ಲಿ ಪ್ರೀತಿ ಬೇಡ.” ಆದರೆ ತಮ್ಮನ್ನು ತಾವು ಬಹಳ ದಿನ ಬೈದುಕೊಂಡರು. “ಶನಿವಾರ ಇನ್ನೊಂದು ಪ್ರಶ್ನೆ ಕೇಳ್ಬೇಕಿತ್ತು ನಾನು. ಇವನು ರೇಗ್ತಾನೆ ಅಂತ ಬಿಟ್ಬಿಟ್ಟೆ.”

ಅಲ್ಲಿಂದ ಮುಂದೆ ಅವರೊಂದು ಕ್ರಮ ಮಾಡಿದರು. ಸೋಮವಾರ, ಗುರುವಾರ ನಾವು ಹಾಯುವ ಹೊತ್ತಿಗೆ ಅಂಗಡಿಯ ಮೆಟ್ಟಿಲ ಮೇಲೆ ನಿಂತಿರುತ್ತಿದ್ದರು. ನಾನು ನಿಧಾನಿಸಬೇಕು. ದೀಪ ಬಂದಿಲ್ಲವಾದರೆ ಅಮ್ಮ ಕಿಟಕಿಯಿಂದ ಕೈ ಎತ್ತಬೇಕು. ಕೈ ಕಂಡ ಮೇಲೆ ಅವರೂ ಕೈ ಎತ್ತಿ ಒಳಗೆ ಹೋಗುತ್ತಿದ್ದರು. ಗಿರಾಕಿಗಳು ಕಾಯುತ್ತಿದ್ದರೂ ಸರಿ. ಮಳೆಯಾದರೆ ತಲೆಯ ಮೇಲೆ ಗೋಣಿ. ನಾನು ಇದನ್ನೂ ಬರೆದಿಟ್ಟುಕೊಳ್ಳುತ್ತಿದ್ದೆ, ದಿನಕ್ಕೊಂದು ಗೀಟು. ಅವರು ಇಲ್ಲದ ದಿನ ಒಂದೂ ಇರಲಿಲ್ಲ.

ಕಳೆದ ಕಾರ್ತಿಕದಲ್ಲಿ ಒಂದು ಬುಧವಾರ ಮಧ್ಯಾಹ್ನ ಊಟ ಮಾಡಿ ಮಲಗಿದ ದೊಡ್ಡಮ್ಮ ಏಳಲಿಲ್ಲ. ನಾನು ಹೋದಾಗ ಅವರ ಬಳೆಗಳನ್ನು ಮಣಿಕಟ್ಟಿಗೆ ಇಳಿಸಿದ್ದರು. ಅವು ಅಲ್ಲಿರುವುದನ್ನು ನಾನು ನೋಡಿದ್ದೇ ಕಡಿಮೆ. ದೊಡ್ಡಪ್ಪ ಬಾಗಿಲಲ್ಲಿ ಕೂತಿದ್ದರು. “ನಿದ್ದೇಲಿ ಹೋದ್ಲು ಕಣವ್ವ” ಎಂದರು. “ಜೀವ್ಮಾನ ಎಲ್ಲ ಹೆದ್ರಿದ್ಲು. ಇದೊಂದಕ್ಕೆ ಹೆದ್ರೋಕೆ ಅವಳಿಗೆ ಹೊತ್ತೇ ಸಿಗಲಿಲ್ಲ.”

ಮರುದಿನ ಗುರುವಾರ. ಡಯಾಲಿಸಿಸ್‌ಗೆ ಸೂತಕವಿಲ್ಲ. ಬೀರೂರು ಹತ್ತಿರವಾದಂತೆ ನನ್ನ ಕಣ್ಣು ಮತ್ತೆ ಮತ್ತೆ ಡ್ಯಾಶ್‌ಬೋರ್ಡಿಗೆ ಹೋಗತೊಡಗಿತು. ದೀಪ ಇರಲಿಲ್ಲ, ಸದ್ದೂ ಇರಲಿಲ್ಲ, ಆದರೂ ಹೆದರಿಕೆ. ಇಷ್ಟು ದಿನ ಅದರಲ್ಲಿ ಅರ್ಧವನ್ನು ಅವರು ಹೊತ್ತಿದ್ದರೆಂದು ಅವತ್ತು ಗೊತ್ತಾಯಿತು. ಅಂಗಡಿಯ ಷಟರ್ ಎಳೆದಿತ್ತು. ಮೆಟ್ಟಿಲು ಖಾಲಿ. ನಾನು ವೇಗ ತಗ್ಗಿಸಲಿಲ್ಲ.

“ನಿಧಾನಿಸೇ” ಎಂದಳು ಅಮ್ಮ.

ನಿಧಾನಿಸಿದೆ. ಅಮ್ಮ ಗಾಜು ಇಳಿಸಿ, ಸೂಜಿಯ ಗಂಟುಗಳಿದ್ದ ಕೈಯನ್ನು ಹೊರಗೆ ಚಾಚಿ ಎತ್ತಿದಳು. ಮುಚ್ಚಿದ ಷಟರಿಗೆ ತೋರಿಸುವಂತೆ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು. ಪಕ್ಕದ ಮಿಲ್ಲಿನ ಕತ್ತಲೆಯೊಳಗಿಂದ ಹಿಟ್ಟು ಮೆತ್ತಿದ ಬಿಳಿಯ ಕೈಯೊಂದು ಮೇಲೆದ್ದಿತು.